ಮಾಯಕೊಂಡದಿಂದ ಕಾರವಾರಕ್ಕೆ: ಹಗ್ಗದಿಂದ ಹೊಲಿದ ಹಡಗು

ಬಯಲುಸೀಮೆಯವರಿಗೆ ಹಡಗಿನ ಮಾತೇಕೆ ಎಂದು ಓದುಗರು ಕೇಳಬಹುದು. ಮಾಯಕೊಂಡವು ದಾವಣಗೆರೆಯ ದಕ್ಷಿಣಕ್ಕಿರುವ ಹೋಬಳಿಯ ಊರು. ಇಲ್ಲಿ ಹೊಳೆಯಿಲ್ಲ. ಮಳೆಯನ್ನು ನಂಬಿದ ಹೊಲಗಳು, ಬೇಸಗೆಯಲ್ಲಿ ತಳ ಕಾಣುವ ಕೆರೆಗಳು, ಬೆಂಗಳೂರು-ಹುಬ್ಬಳ್ಳಿ ಮಾರ್ಗದ ಒಂದು ರೈಲು ನಿಲ್ದಾಣ, ಅದರಾಚೆ ಮತ್ತೆ ಹೊಲಗಳು. ಇಲ್ಲಿನ ಹಿರಿಯರಲ್ಲಿ ಕಡಲನ್ನು ಕಣ್ಣಾರೆ ಕಾಣದೆ ಬಾಳು ಸವೆಸಿದವರೇ ಹೆಚ್ಚು.

ಆದರೆ ಕಡಲಿಗೂ ಈ ಊರಿಗೂ ಸಂಬಂಧವೇ ಇಲ್ಲವೆಂದು ಹೇಳಲಾಗದು. 1748ರಲ್ಲಿ ಇದೇ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕನು ಶತ್ರುಗಳ ಒಕ್ಕೂಟದೊಡನೆ ಕಾದಿ ಮಡಿದನು. ಆ ಒಕ್ಕೂಟದಲ್ಲಿ ಬಿದನೂರಿನ ಸೈನ್ಯವೂ ಇತ್ತು. ಬಿದನೂರೆಂದರೆ ಕೆಳದಿಯ ಅರಸರು. ಅವರ ಭಂಡಾರ ತುಂಬುತ್ತಿದ್ದುದು ಮಲೆನಾಡಿನ ಅಕ್ಕಿ ಮತ್ತು ಮೆಣಸಿನಿಂದ. ಆ ಅಕ್ಕಿ-ಮೆಣಸು ಹೊರನಾಡಿಗೆ ಸಾಗುತ್ತಿದ್ದುದು ಹೊನ್ನಾವರ, ಬಸರೂರು, ಮಂಗಳೂರುಗಳ ರೇವುಗಳಿಂದ. ಈ ರೇವುಗಳ ಮೇಲಣ ಹಿಡಿತಕ್ಕಾಗಿಯೇ ಶಿವಪ್ಪನಾಯಕನು 1650ರ ದಶಕದಲ್ಲಿ ಪೋರ್ಚುಗೀಸರ ಕೋಟೆಗಳನ್ನು ಗೆದ್ದುಕೊಂಡನು. ಮಾಯಕೊಂಡದ ಮಣ್ಣಿನಲ್ಲಿ ಹೊಡೆದಾಡಿದ ಸೈನಿಕರ ಸಂಬಳದಲ್ಲಿ ಕಡಲ ಹಣವೂ ಬೆರೆತಿತ್ತೆಂಬುದನ್ನು ಅಲ್ಲಗಳೆಯಲಾಗದು.

ಇಷ್ಟು ಪೀಠಿಕೆಗೆ ಕಾರಣವಿದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಯು ‘ಕೌಂಡಿನ್ಯ’ ಎಂಬ ಹಾಯಿಹಡಗನ್ನು ತನ್ನ ಬಳಗಕ್ಕೆ ಸೇರಿಸಿಕೊಂಡಿತು. ಇದರ ಹಲಗೆಗಳನ್ನು ಮೊಳೆಯಿಂದ ಜೋಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗಿದೆ. ಅಜಂತಾ ಗುಹೆಯ ಚಿತ್ರದಲ್ಲಿರುವ ಕ್ರಿ.ಶ. ಐದನೆಯ ಶತಮಾನದ ಹಡಗೇ ಇದಕ್ಕೆ ಮಾದರಿ. ಈ ಸುದ್ದಿಯನ್ನು ಮಾಯಕೊಂಡದ ಒಂದು ಜಗಲಿಯ ಮೇಲೆ ಓದಿ ಹೇಳಿದಾಗ ವಯೋವೃದ್ಧ ರೈತರೊಬ್ಬರು ಕೇಳಿದರು: ‘ಬುದ್ಧೀ, ಮೊಳೆ ಇಲ್ಲದ ಹಡಗು ಕಡಲಾಗ ನಿಂತೀತೇನು? ಇಲ್ಲಾ, ಮೆರವಣಿಗಿ ತೇರಿನಂಗೆ ನೋಡಾಕಷ್ಟೇನು?’ ಪ್ರಶ್ನೆ ಸಾಮಾನ್ಯವಾದುದಲ್ಲ. ಒಂದು ಹಡಗು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಯಾವ ಅಳತೆಗೋಲಿನಿಂದ ಹೇಳಬೇಕು? 2026ರ ಶಿವರಾತ್ರಿಗೆ ಮುನ್ನ ನಾವು ಕೆಲವು ಗೃಹಸ್ಥರೊಡನೆ ಮಾಯಕೊಂಡದಿಂದ ಕಾರವಾರಕ್ಕೆ ಕೈಗೊಂಡ ಪ್ರವಾಸದುದ್ದಕ್ಕೂ ಈ ಪ್ರಶ್ನೆ ನಮ್ಮೊಡನೆ ಬಂದಿತು.

ಹಗ್ಗದ ಕಾಯಕ

ಮಾಯಕೊಂಡದ ನೆರೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ನುಲೇನೂರು ಎಂಬ ಗ್ರಾಮವಿದೆ. ಹಗ್ಗ ಹೊಸೆಯುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಶರಣ ನುಲಿಯ ಚಂದಯ್ಯನವರು ಅಲ್ಲಿ ಐಕ್ಯರಾದರೆಂದು ಪರಂಪರೆಯ ನಂಬಿಕೆ. ಕೆರೆಯಂಚಿನ ಹುಲ್ಲನ್ನು ಕೊಯ್ದು ತಂದು, ಹಗ್ಗ ಹೊಸೆದು, ಮಾರಿಬಂದುದರಲ್ಲಿ ಜಂಗಮದಾಸೋಹ ನಡೆಸಿದವರು ಅವರು. ಬಿಡಿಯಾಗಿ ಒಂದು ಎಳೆ ಹುಲ್ಲಿಗೆ ಬಲವೇನೂ ಇಲ್ಲ. ಎಳೆಗಳು ಒಂದನ್ನೊಂದು ಸುತ್ತಿ ಬಿಗಿದಾಗ ಎತ್ತನ್ನು ಹಿಡಿದು ನಿಲ್ಲಿಸುವ ಬಲ ಬರುತ್ತದೆ.

ಹಗ್ಗದ ಕಟ್ಟಿಗೂ ಮೊಳೆಯ ಬಿಗಿತಕ್ಕೂ ಇರುವ ಭೇದವನ್ನು ನಮ್ಮ ರೈತರು ಪುಸ್ತಕ ಓದಿ ತಿಳಿದವರಲ್ಲ. ಬಿತ್ತನೆಯ ಕೂರಿಗೆಯನ್ನು ನೋಡಿರಿ. ಅದರ ಬಿದಿರಿನ ಕೊಳವೆಗಳನ್ನು ಹಗ್ಗದಿಂದಲೇ ಬಿಗಿಯುತ್ತಿದ್ದರು. ಕಾಲು ಕಲ್ಲಿಗೆ ತಾಗಿದಾಗ ಕಟ್ಟು ತುಸು ಜಗ್ಗುತ್ತದೆ, ಕೊಳವೆ ಸೀಳುವುದಿಲ್ಲ. ನುಲಕ ಬಿಗಿದ ಹೊರಸಿನ ಮೇಲೆ ಮಲಗಿದವನ ಭಾರಕ್ಕೆ ಹೊರಸು ತಗ್ಗಿ, ಎದ್ದೊಡನೆ ಮೊದಲಿನಂತಾಗುತ್ತದೆ. ಬಾಗಿ ಉಳಿಯುವ ಈ ಗುಣವೇ ಮುಂದೆ ಕಡಲ ಹಡಗಿನ ವಿಚಾರದಲ್ಲಿಯೂ ನಮ್ಮ ನೆರವಿಗೆ ಬಂದಿತು.

ಹರಿಹರದ ಹರಿಗೋಲು

ದಾವಣಗೆರೆಯನ್ನು ದಾಟಿ ಹರಿಹರವನ್ನು ಸೇರಿದೊಡನೆ ತುಂಗಭದ್ರೆಯ ದರ್ಶನವಾಗುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಇಲ್ಲಿನ ಕೀರ್ತಿ. ನಮ್ಮ ಈ ಸಲದ ಲಕ್ಷ್ಯ ಮಾತ್ರ ಹೊಳೆಯ ಮೇಲಿತ್ತು. 1868ರಲ್ಲಿ ಇಲ್ಲಿ ಕಮಾನುಗಳ ಸೇತುವೆ ಪೂರ್ಣಗೊಳ್ಳುವವರೆಗೆ ಮೈಸೂರು ಸೀಮೆಯಿಂದ ಧಾರವಾಡ ಸೀಮೆಗೆ ಹೋಗುವವರು ಮಳೆಗಾಲದಲ್ಲಿ ಹರಿಗೋಲನ್ನೇ ನಂಬಬೇಕಾಗಿತ್ತು.

ಹರಿಗೋಲು ನಮ್ಮ ನಾಡಿನ ಅತಿ ಸರಳವಾದ ನೌಕೆ. ಸೀಳಿದ ಬಿದಿರನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಹಿಂದೆ ಚರ್ಮವನ್ನೂ ಈಚೆಗೆ ಡಾಂಬರು ಬಳಿದ ತಟ್ಟು ಇಲ್ಲವೆ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸುತ್ತಾರೆ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ತುಂಗಭದ್ರೆಯಲ್ಲಿ ಇಂಥ ದುಂಡು ದೋಣಿಗಳನ್ನು ಕಂಡು ಬೆರಗಾಗಿದ್ದನು. ಅವು ಹದಿನೈದು-ಇಪ್ಪತ್ತು ಜನರನ್ನು ಹೊರುತ್ತವೆಂದೂ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತವೆಂದೂ, ಸದಾ ಸುತ್ತುತ್ತಲೇ ಸಾಗುತ್ತವೆಂದೂ ಬರೆದಿಟ್ಟಿದ್ದಾನೆ.

ಈ ದೋಣಿಗೆ ಮುಂದು ಹಿಂದಿಲ್ಲ, ಚುಕ್ಕಾಣಿಯಿಲ್ಲ, ಹಾಯಿಯಿಲ್ಲ. ಕಡಲಿಗೆ ಒಯ್ದರೆ ಮೊದಲ ಅಲೆಗೇ ಮಗುಚೀತು. ಆದರೆ ಹೊಳೆಯ ಬಂಡೆಗಳ ನಡುವೆ, ಮೊಣಕಾಲುದ್ದ ನೀರಿನಲ್ಲಿ, ಬೇರಾವ ದೋಣಿಯೂ ಇದರಷ್ಟು ಉಪಯುಕ್ತವಲ್ಲ. ಬಂಡೆಗೆ ತಾಗಿದರೆ ಬುಟ್ಟಿ ಅದುಮಿಕೊಂಡು ಜಾರುತ್ತದೆ. ದಡ ಸೇರಿದ ಮೇಲೆ ಅಂಬಿಗನು ಅದನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಾನೆ. ನೌಕೆಯನ್ನು ಅಳೆಯುವ ಮೊದಲನೆಯ ನಿಯಮವು ಇಲ್ಲಿಯೇ ದೊರೆಯಿತು. ಯಾವ ನೀರಿಗೆಂದು, ಯಾವ ಕೆಲಸಕ್ಕೆಂದು ಕಟ್ಟಿದ್ದೆಂಬುದನ್ನು ಮೊದಲು ಕೇಳಬೇಕು. ಗುಣದೋಷಗಳ ಮಾತು ಆಮೇಲೆ.

ರಾಣೇಬೆನ್ನೂರು ತಾಲ್ಲೂಕಿನಲ್ಲಿ ಹೆದ್ದಾರಿಯಿಂದ ಬಲಕ್ಕೆ ಹೊರಳಿ, ಅದೇ ತುಂಗಭದ್ರೆಯ ದಡದಲ್ಲಿರುವ ಚೌಡಯ್ಯದಾನಪುರದಲ್ಲಿ ನಿಜಶರಣ ಅಂಬಿಗರ ಚೌಡಯ್ಯನವರ ಗದ್ದುಗೆಗೆ ನಮಿಸಿ ಮುಂದೆ ನಡೆದೆವು. ಹುಟ್ಟು ಹಾಕಿದ ಕೈಯೇ ವಚನವನ್ನೂ ರಚಿಸಿದ ನಾಡು ನಮ್ಮದು. ಕೈಗೆಲಸದವನ ತಿಳಿವಳಿಕೆಯನ್ನು ಪಂಡಿತನ ತಿಳಿವಳಿಕೆಗಿಂತ ಕೆಳಗಿರಿಸುವ ರೂಢಿಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಲಾಗಿತ್ತು.

ಕಾರವಾರದ ಕಡಲು

ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯ ಮೂಲಕ ಕಾರವಾರವನ್ನು ಮುಟ್ಟುವಾಗ ನೆಲದ ಬಣ್ಣವೇ ಬದಲಾಗಿರುತ್ತದೆ. ಕಾಳಿ ನದಿ ಕಡಲನ್ನು ಸೇರುವ ಎಡೆಯಲ್ಲಿ ಸೋದೆಯ ಅರಸರ ಸದಾಶಿವಗಡ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕೋಠಿ ತೆರೆದ ರೇವು ಇದು. 2005ರಲ್ಲಿ ಭಾರತೀಯ ನೌಕಾಪಡೆಯ ‘ಕದಂಬ’ ನೆಲೆ ಇಲ್ಲಿ ಕಾರ್ಯಾರಂಭ ಮಾಡಿತು. ಆ ನೆಲೆಯೊಳಗೆ ಜನಸಾಮಾನ್ಯರಿಗೆ ಪ್ರವೇಶವಿಲ್ಲ. ಪಟ್ಟಣದ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಲ್ಲಿಸಿರುವ ‘ಚಪಲ’ ಯುದ್ಧನೌಕೆಯನ್ನು ಎಲ್ಲರೂ ನೋಡಬಹುದು. ಉಕ್ಕಿನ ಆ ನೌಕೆಯ ನೆರಳಿನಲ್ಲಿ ಕುಳಿತು, ಹಗ್ಗದಿಂದ ಹೊಲಿದ ಹಡಗಿನ ಪ್ರಕಟಿತ ವಿವರಗಳನ್ನು ನಾವು ಒಂದೊಂದಾಗಿ ವಿವೇಚಿಸಿದೆವು.

ಮೊದಲು ಅದರ ಜನ್ಮವೃತ್ತಾಂತ. 2023ರ ಜುಲೈಯಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೋವೇಷನ್ಸ್ ಸಂಸ್ಥೆಗಳ ನಡುವೆ ಒಪ್ಪಂದವಾಯಿತು. ಅದೇ ವರ್ಷ ಸೆಪ್ಟೆಂಬರ್ 12ರಂದು ಹಡಗಿನ ಅಡಿಮರವನ್ನು ಸ್ಥಾಪಿಸಲಾಯಿತು. ಕೇರಳದ ನೌಕಾಶಿಲ್ಪಿ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲಕರ್ಮಿಗಳು ತಿಂಗಳುಗಟ್ಟಲೆ ಹಲಗೆಗಳನ್ನು ಹೊಲಿದರು. 2025ರ ಫೆಬ್ರವರಿಯಲ್ಲಿ ಹಡಗು ಗೋವೆಯಲ್ಲಿ ನೀರಿಗಿಳಿಯಿತು. ಕಡಲನ್ನು ದಾಟಿ ಆಗ್ನೇಯ ಏಷ್ಯವನ್ನು ಸೇರಿದನೆಂದು ಐತಿಹ್ಯದಲ್ಲಿ ಪ್ರಸಿದ್ಧನಾದ ಕೌಂಡಿನ್ಯನ ಹೆಸರನ್ನು ಅದಕ್ಕಿಟ್ಟರು. ಹಾಯಿಗಳ ಮೇಲೆ ಸೂರ್ಯನೊಡನೆ ಗಂಡಭೇರುಂಡವಿದೆ. ಕರ್ನಾಟಕ ರಾಜ್ಯದ ಲಾಂಛನವಾದ ಈ ಎರಡು ತಲೆಯ ಹಕ್ಕಿಯನ್ನು ಕೆಳದಿಯ ದೇವಾಲಯದ ಛಾವಣಿಯಲ್ಲಿ ಕಂಡವರು ಹಾಯಿಯ ಮೇಲೂ ಅದನ್ನು ತಡವಿಲ್ಲದೆ ಗುರುತಿಸಿಯಾರು.

ಗುಣದೋಷ ವಿವೇಚನೆ

ಹಡಗಿನ ಒಡಲು ಸುಮಾರು 65 ಅಡಿ ಉದ್ದ, 22 ಅಡಿ ಅಗಲ. ಅಗಲಕ್ಕಿಂತ ಉದ್ದವು ಮೂರು ಪಟ್ಟು ಮಾತ್ರ. ಅಂದರೆ ಇದು ಓಟದ ಕುದುರೆಯಲ್ಲ, ಭಾರದ ಬಂಡಿ. ಅಗಲವಾದ ಹೊಟ್ಟೆಯುಳ್ಳ ಹಡಗು ಸರಕನ್ನು ಹೆಚ್ಚು ಹಿಡಿಯುತ್ತದೆ. ಪಕ್ಕಕ್ಕೆ ಬಾಗಿದರೂ ಮರಳಿ ನೆಟ್ಟಗಾಗುವ ಬಲ ಅದಕ್ಕಿರುತ್ತದೆ. ಅದರ ಬೆಲೆಯೆಂದರೆ ನೀರನ್ನು ಸೀಳುವ ವೇಗ ಕುಗ್ಗುವುದು. ಪ್ರಾಚೀನ ವರ್ತಕನಿಗೆ ಮೆಣಸಿನ ಮೂಟೆ ಮುಖ್ಯವಾಗಿತ್ತು, ವೇಗವಲ್ಲ.

ಎರಡನೆಯದು ಬೆಸುಗೆ. ಹಲಗೆಯ ಅಂಚಿನುದ್ದಕ್ಕೂ ರಂಧ್ರ ಕೊರೆದು, ಸಂದಿಯ ಮೇಲೆ ತೆಂಗಿನ ನಾರನ್ನಿಟ್ಟು, ಹಗ್ಗದಿಂದ ಬಿಗಿಯಾಗಿ ಹೊಲಿದು, ಸಹಜ ರಾಳವನ್ನು ಲೇಪಿಸುತ್ತಾರೆ. ಕೂರಿಗೆಯ ಮತ್ತು ಹೊರಸಿನ ಗುಣವೇ ಇಲ್ಲಿಯದು. ಅಲೆ ಅಪ್ಪಳಿಸಿದಾಗ ಒಡಲು ತುಸು ಬಾಗಿ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ತೆಂಗಿನ ನಾರಿಗಾದರೋ ಉಪ್ಪುನೀರು ಶತ್ರುವಲ್ಲ. ಕರಾವಳಿಯ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಸಿಯೇ ಆ ನಾರನ್ನು ತೆಗೆಯುತ್ತಾರೆ. ದೋಷವೂ ಉಂಟು. ಹೊಲಿಗೆಯ ಹಡಗಿನೊಳಗೆ ನೀರು ಜಿನುಗುವುದು ಸಹಜ. ಅದನ್ನು ಎತ್ತಿ ಹೊರಚೆಲ್ಲುತ್ತಿರಬೇಕು. ಸವೆದ ಹೊಲಿಗೆಯನ್ನು ಕಾಲಕಾಲಕ್ಕೆ ಬಿಚ್ಚಿ ಹೊಸದಾಗಿ ಹಾಕಬೇಕು. ಆರೈಕೆಯಿಲ್ಲದೆ ಬಾಳುವ ವಸ್ತು ಇದಲ್ಲ.

ಹದಿಮೂರನೆಯ ಶತಮಾನದ ಇಟಲಿಯ ಪ್ರವಾಸಿ ಮಾರ್ಕೊ ಪೋಲೊ ಪಾರಸ ಕೊಲ್ಲಿಯ ಹೊರ್ಮುಜ್ ರೇವಿನಲ್ಲಿ ಇಂಥ ಹಡಗುಗಳನ್ನು ನೋಡಿ, ಇವು ತೀರ ಕಳಪೆಯೆಂದೂ ಹಲವು ಮುಳುಗಿಹೋಗುತ್ತವೆಂದೂ ತೀರ್ಪಿತ್ತನು. ಮೊಳೆಯ ಹಡಗಿಗೆ ಒಗ್ಗಿದ ಕಣ್ಣಿಗೆ ಹಾಗೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕಗ್ರಂಥವಾದ ‘ಪೆರಿಪ್ಲಸ್’ ಸಹ ಹೊಲಿದ ದೋಣಿಗಳನ್ನು ಉಲ್ಲೇಖಿಸುತ್ತದೆ. ಸಾವಿರಕ್ಕೂ ಹೆಚ್ಚು ವರ್ಷ ಅರಬ್ಬಿ ಕಡಲಿನ ವ್ಯಾಪಾರವನ್ನು ಹೊತ್ತ ಬಗೆಯನ್ನು ಒಂದು ರೇವಿನ ನೋಟದಿಂದ ತಳ್ಳಿಹಾಕಲಾಗದು. 1980-81ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿಯು ಮಲಬಾರಿನ ಮರವನ್ನು ನಾರಿನ ಹಗ್ಗದಿಂದ ಹೊಲಿಸಿ ಕಟ್ಟಿಸಿದ ‘ಸೊಹಾರ್’ ಹಡಗಿನಲ್ಲಿ ಒಮಾನಿನಿಂದ ಚೀನಾದ ಕ್ಯಾಂಟನ್‌ವರೆಗೆ ಹೋಗಿ, ಆ ತೀರ್ಪನ್ನು ಪುನರ್ವಿಮರ್ಶಿಸುವಂತೆ ಮಾಡಿದನು.

ಮೂರನೆಯದು ಹಾಯಿ ಮತ್ತು ಚುಕ್ಕಾಣಿ. ಕೌಂಡಿನ್ಯದ್ದು ಚೌಕ ಹಾಯಿ. ಗಾಳಿ ಬೆನ್ನ ಹಿಂದಿನಿಂದಲೋ ಓರೆಯಾಗಿಯೋ ಬೀಸಿದಾಗ ಇದು ಹಡಗನ್ನು ಚೆನ್ನಾಗಿ ಎಳೆಯುತ್ತದೆ; ಎದುರುಗಾಳಿಯಲ್ಲಿ ಅಂಕುಡೊಂಕಾಗಿ ಮುನ್ನಡೆಯುವ ಶಕ್ತಿ ಇದಕ್ಕೆ ತೀರ ಕಡಿಮೆ. ಹಿಂಬದಿಯ ನಡುವೆ ಕೂಡಿಸುವ ಚುಕ್ಕಾಣಿಯ ಬದಲು ಇಲ್ಲಿ ಉದ್ದನೆಯ ಹುಟ್ಟುಗಳಿಂದಲೇ ದಿಕ್ಕು ತಿರುಗಿಸಬೇಕು. ಇಂದಿನ ನಾವಿಕರಿಗೆ ಇದೆಲ್ಲ ಹೊಸದು. ಪ್ರಾಚೀನರ ನಕ್ಷೆಯೊಂದೂ ಉಳಿದಿರಲಿಲ್ಲ. ಗುಹೆಯ ಚಿತ್ರವು ಹಡಗಿನ ಒಂದು ಪಕ್ಕವನ್ನು ತೋರಿಸೀತೇ ಹೊರತು ನೀರಿನ ಕೆಳಗಿನ ಆಕಾರವನ್ನು ಹೇಳಲಾರದು. ಆದುದರಿಂದ ಮದರಾಸಿನ ಐ.ಐ.ಟಿ.ಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಕಿರುಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. ಮರದ ಕೂವೆಯ ಬಲವನ್ನು ನೌಕಾಪಡೆಯೇ ಲೆಕ್ಕಹಾಕಿತು. ಹಳೆಯ ಕೈಗಳೂ ಹೊಸ ಗಣಿತವೂ ಇಲ್ಲಿ ಒಂದಕ್ಕೊಂದು ನೆರವಾದುವು.

ಪರೀಕ್ಷೆ

ಕಟ್ಟಿದ ಹಡಗಿನ ನಿಜವಾದ ಪರೀಕ್ಷಕನು ಕಡಲೇ. 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರದಿಂದ ಹೊರಟ ಕೌಂಡಿನ್ಯವು 2026ರ ಜನವರಿ 14ರಂದು ಒಮಾನಿನ ಮಸ್ಕತ್ತನ್ನು ಸೇರಿತು. ಚಳಿಗಾಲವನ್ನು ಆರಿಸಿಕೊಂಡುದು ಸಕಾರಣವಾಗಿಯೇ. ಆಗ ಉತ್ತರ ಮತ್ತು ಈಶಾನ್ಯದ ಗಾಳಿ ಬೀಸುವುದರಿಂದ ಪಶ್ಚಿಮಕ್ಕೆ ಸಾಗುವ ಚೌಕ ಹಾಯಿಗೆ ಅನುಕೂಲ. ಮುಂಗಾರಿನ ನೈರುತ್ಯ ಮಾರುತದಲ್ಲಿ ಇದೇ ಪಯಣವನ್ನು ಯಾವ ಪ್ರಾಚೀನ ವರ್ತಕನೂ ಯೋಚಿಸುತ್ತಿರಲಿಲ್ಲ. ಗಾಳಿ ಬದಲಾಗುವವರೆಗೆ ಪರದೇಶದ ರೇವಿನಲ್ಲಿ ತಿಂಗಳುಗಟ್ಟಲೆ ಕಾಯುವುದೂ ಅವನ ವ್ಯಾಪಾರದ ಒಂದು ಭಾಗವಾಗಿತ್ತು.

ಸುಮಾರು 1,400 ಕಿಲೋಮೀಟರ್ ದಾರಿಗೆ ಹದಿನಾರು ದಿನ. ದಿನಕ್ಕೆ ಸರಾಸರಿ 87 ಕಿಲೋಮೀಟರ್. ಗಂಟೆಗೆ ಮೂರೂವರೆ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇದು ಜಾತ್ರೆಗೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕನ ವೇಗ. ವ್ಯತ್ಯಾಸವೆಂದರೆ ಯಾತ್ರಿಕನು ರಾತ್ರಿ ಮಲಗುತ್ತಾನೆ, ಹಡಗು ರಾತ್ರಿಯೂ ನಡೆಯುತ್ತದೆ. ಬೆನ್ನ ಮೇಲೆ ಮನುಷ್ಯರನ್ನೂ ಅವರ ನೀರು-ಅನ್ನಗಳನ್ನೂ ಹೊತ್ತಿರುತ್ತದೆ.

ಹೋಲಿಕೆಗೆ ಇನ್ನೊಂದು ಹಾಯಿಹಡಗನ್ನು ನೋಡೋಣ. ಗೋವೆಯಲ್ಲಿಯೇ ಡಚ್ ವಿನ್ಯಾಸದಂತೆ ಕಟ್ಟಲಾಗಿ 2017ರಲ್ಲಿ ನೌಕಾಪಡೆಯನ್ನು ಸೇರಿದ ‘ತಾರಿಣಿ’ 56 ಅಡಿ ಉದ್ದದ್ದು. ಅದರ ಒಡಲು ಗಾಜಿನ ನಾರಿನದು, ಹಾಯಿ ತ್ರಿಕೋನಾಕಾರದ್ದು. ಎದುರುಗಾಳಿಯಲ್ಲಿಯೂ ಓರೆಯಾಗಿ ಮುನ್ನುಗ್ಗಬಲ್ಲದು. 2017-18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಇದರಲ್ಲಿ ಭೂಪ್ರದಕ್ಷಿಣೆ ಮಾಡಿದರು. 2024ರ ಅಕ್ಟೋಬರ್ 2ರಂದು ಹೊರಟ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2025ರ ಮೇ 29ರಂದು ಗೋವೆಗೆ ಹಿಂತಿರುಗಿದರು. 25,000ಕ್ಕೂ ಹೆಚ್ಚು ನಾವಿಕ ಮೈಲಿ! ರೇವುಗಳಲ್ಲಿ ತಂಗಿದ ದಿನಗಳನ್ನು ಸೇರಿಸಿಕೊಂಡರೂ ದಿನಕ್ಕೆ ಸರಾಸರಿ 190 ಕಿಲೋಮೀಟರಿಗಿಂತ ಹೆಚ್ಚು. ವೇಗದಲ್ಲಿ ಕೌಂಡಿನ್ಯಕ್ಕೂ ಇದಕ್ಕೂ ಸಾಟಿಯಿಲ್ಲ. ದಕ್ಷಿಣ ಸಮುದ್ರದ ಪರ್ವತಪ್ರಾಯ ಅಲೆಗಳಿಗೆ ಕೌಂಡಿನ್ಯವನ್ನು ಒಡ್ಡುವುದು ವಿವೇಕವೂ ಅಲ್ಲ.

ಹಾಗೆಂದು ಹೊಸದೆಲ್ಲ ನಿರ್ದೋಷವೆಂದೂ ಅಲ್ಲ. 2018ರಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟುದರಿಂದ ತಾರಿಣಿಯು ಯೋಜಿಸದಿದ್ದ ಮಾರಿಷಸ್ಸಿನಲ್ಲಿ ತಂಗಿ ದುರಸ್ತಿ ಮಾಡಿಸಿಕೊಳ್ಳಬೇಕಾಯಿತು. ಯಂತ್ರದ ಭಾಗ ಕೆಟ್ಟರೆ ರೇವು ಬೇಕು, ಕಾರ್ಖಾನೆಯ ಬಿಡಿಭಾಗ ಬೇಕು. ಹಗ್ಗದ ಕಟ್ಟು ಸಡಿಲಿದರೆ ಹಡಗಿನಲ್ಲಿರುವ ಬಲ್ಲವನೇ ಬಿಗಿಯಬಲ್ಲನು. ಆದರೆ ಆ ಬಲ್ಲವನು ಹಡಗಿನಲ್ಲಿರಬೇಕು, ಅಷ್ಟೆ.

ಈ ‘ಅಷ್ಟೆ’ ಎಂಬಲ್ಲಿಯೇ ವಿಷಯದ ಮರ್ಮವಿದೆಯೆಂದು ನಮಗೆ ತೋರಿತು. ವಿನ್ಯಾಸ, ಪ್ರದರ್ಶನ, ವೇಗ ಎಲ್ಲವನ್ನೂ ಅಳೆದುದಾಯಿತು. ಮಾಯಕೊಂಡದ ಹಿರಿಯರ ಪ್ರಶ್ನೆಗೆ ಉತ್ತರವೂ ದೊರೆಯಿತು: ಮೊಳೆಯಿಲ್ಲದ ಹಡಗು ಕಡಲಿನಲ್ಲಿ ನಿಲ್ಲುತ್ತದೆ, ತಾನು ಹುಟ್ಟಿದ ಉದ್ದೇಶಕ್ಕೆ, ತನ್ನ ಋತುವಿನಲ್ಲಿ, ತನ್ನ ದಾರಿಯಲ್ಲಿ ನಿಲ್ಲುತ್ತದೆ. ಆದರೆ ಅದನ್ನು ನಿಲ್ಲಿಸಿದವರು ಯಾರು? ಅಜಂತಾದ ಚಿತ್ರ ಸಾವಿರದೈನೂರು ವರ್ಷಗಳಿಂದ ಗೋಡೆಯ ಮೇಲಿದೆ. ಗ್ರೀಕರ ಗ್ರಂಥವಿದೆ, ಪ್ರವಾಸಿಗಳ ದಿನಚರಿಗಳಿವೆ. ಇವೆಲ್ಲವನ್ನೂ ಓದಿದ ವಿದ್ವಾಂಸರು ಸಾಲುಗಟ್ಟಿ ನಿಂತರೂ ಎರಡು ಹಲಗೆಗಳನ್ನು ನೀರು ಹೋಗದಂತೆ ಹೊಲಿಯಲಾರರು. ಹಗ್ಗವನ್ನು ಎಷ್ಟು ಎಳೆದರೆ ಸಾಕು, ಎಷ್ಟು ಎಳೆದರೆ ಮರ ಸೀಳುತ್ತದೆ ಎಂಬುದು ಬರೆದಿಟ್ಟ ವಿದ್ಯೆಯಲ್ಲ. ಅದು ತಂದೆಯ ಕೈಯಿಂದ ಮಗನ ಕೈಗೆ, ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಿ ಬಂದುದು. ಕೇರಳದ ಕರಾವಳಿಯಲ್ಲಿ ಆ ಕೈಗಳು ಇನ್ನೂ ಉಳಿದಿದ್ದುದರಿಂದ ಹಡಗು ಸಾಧ್ಯವಾಯಿತು. ನಡುವೆ ಒಂದು ತಲೆಮಾರು ಕಲಿಯದೆ ಹೋಗಿದ್ದರೆ, ಚಿತ್ರವು ಚಿತ್ರವಾಗಿಯೇ ಉಳಿಯುತ್ತಿತ್ತು.

ತಾಳೆಗರಿಯ ಓದಿನಲ್ಲಿ ಬಾಳನ್ನು ಕಳೆದ ನಮ್ಮಂಥವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗ್ರಂಥ ನಾಶವಾದರೆ ಮರುಗುತ್ತೇವೆ. ಸಂಪಾದಕ ಮಂಡಳಿಗಳನ್ನು ರಚಿಸಿ ಪ್ರತಿಗಳನ್ನು ಹುಡುಕುತ್ತೇವೆ. ಕೈಯ ವಿದ್ಯೆಯೊಂದು ನಿಂತುಹೋದರೆ ಅದಕ್ಕಾಗಿ ಮರುಗುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ನುಲಿಯ ಚಂದಯ್ಯನವರ ಹೆಸರನ್ನು ಜಯಂತಿಯಂದು ಸ್ಮರಿಸುವ ನಾವು, ನಮ್ಮ ಊರಿನಲ್ಲಿ ಹಗ್ಗ ಹೊಸೆಯಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆಂದು ಎಣಿಸಿದ್ದೇವೆಯೇ? ಪ್ಲಾಸ್ಟಿಕ್ ಹಗ್ಗ ಅಗ್ಗವಾಗಿ ದೊರೆಯುವಾಗ ಯಾರೂ ನಾರು ನೆನೆಸಿ ಕೂರಬೇಕೆಂದು ನಾವು ಒತ್ತಾಯಿಸುವುದಿಲ್ಲ. ಬದುಕು ತನ್ನ ಅನುಕೂಲವನ್ನು ನೋಡಿಕೊಳ್ಳುತ್ತದೆ. ಆದರೆ ಬಲ್ಲವರು ಇರುವಾಗಲೇ ಒಬ್ಬಿಬ್ಬರಾದರೂ ಕಲಿತಿರಬೇಕು.

ದಾವಣಗೆರೆ, ಹರಿಹರ, ರಾಣೇಬೆನ್ನೂರು ಸೀಮೆಯ ಸದ್ಭಕ್ತ ಕುಟುಂಬಗಳಲ್ಲಿ ನಮ್ಮದೊಂದು ಸೂಚನೆ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತುಂಗಭದ್ರೆಯ ದಡಕ್ಕೆ ಹೋಗಿರಿ. ಹರಿಗೋಲನ್ನು ಹೆಣೆಯಬಲ್ಲ ಹಿರಿಯರು ಕಂಡರೆ ಅವರ ಬಳಿ ಒಂದು ಹೊತ್ತು ಕೂರಿಸಿರಿ. ಬಿದಿರನ್ನು ಯಾವ ತಿಂಗಳಲ್ಲಿ ಕಡಿಯಬೇಕು, ಎಷ್ಟು ತೆಳುವಾಗಿ ಸೀಳಬೇಕು, ಮೊದಲ ಹೆಣಿಗೆ ಎಲ್ಲಿಂದ ಆರಂಭವಾಗಬೇಕು ಎಂದು ಕೇಳಿ ಬರೆದುಕೊಳ್ಳಲಿ. ಬರೆದುಕೊಂಡ ಮೇಲೆ ಒಂದು ಸುತ್ತು ತಾವೇ ಹೆಣೆದು ನೋಡಲಿ. ಬರಹದಲ್ಲಿ ಸೇರದ ಎಷ್ಟೋ ಸಂಗತಿ ಬೆರಳಿಗೆ ತಿಳಿಯುವುದು ಆಗಲೇ.